ಮೂರು ದಾರಿ ಕೂಡುವಲ್ಲಿ ಒಂದು ಕ್ಯಾಮೆರಾ

"ನಿಂಬೆಹಣ್ಣು ಮುಟ್ಟಬ್ಯಾಡ ಓಬಣ್ಣ. ಕ್ಯಾಮೆರಾ ಒಂದೇ ಎತ್ತು."

ಹೇಳುವುದು ಸುಲಭ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಗೆ ಒಂದು ಮಣ್ಣುದಾರಿ ಬಂದು ಸೇರುವ ಜಾಗ ಅದು. ನಟ್ಟನಡುವೆ ಒಂದು ಮುತ್ತುಗದ ಎಲೆ. ಎಲೆಯ ಮೇಲೆ ಕುಂಕುಮ ಮೆತ್ತಿದ ನಿಂಬೆ ಹೋಳು, ಒಣಮೆಣಸಿನಕಾಯಿ, ಹರಳುಪ್ಪು. ಅವುಗಳ ಮಧ್ಯೆ ಹಳದಿ ಬಟ್ಟೆಯ ಪುಟ್ಟ ಗಂಟು. ಗಂಟಿನ ಸಂದಿಯಿಂದ ಬೆಳ್ಳಿ ಬಣ್ಣದ ಮೂಲೆಯೊಂದು ಇಣುಕುತ್ತಿತ್ತು.

ಹೋದ ವಾರ ಭೀಮಕ್ಕನ ಶಾಮಿಯಾನದ ಸಾಮಾನಿನಿಂದ ಕಾಣೆಯಾಗಿದ್ದ ಕ್ಯಾಮೆರಾ ಅದೇ.

ನಾನು ಹೆದರುವ ಗಂಡಸಲ್ಲ. ಸಂತೇಬೆನ್ನೂರು ಸಂತೆಯಲ್ಲಿ ಹಗ್ಗ ಕಿತ್ತುಕೊಂಡು ಬಂದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸಿ, ಬುದ್ಧಿ ಹೇಳಿ, ಅದರಿಂದಲೇ ನನ್ನ ಚೀಲ ಹೊರಿಸಿಕೊಂಡು ಬಂದವನು. ಆದರೆ ದೃಷ್ಟಿ ತೆಗೆದು ಇಟ್ಟ ಸಾಮಾನಿಗೆ ಕೈ ಹಾಕುವುದು ಬೇರೆ ವಿಷಯ.

"ನೀವೇ ಎತ್ರಿ ಅಕ್ಕ. ನಿಮ್ಮ ಕ್ಯಾಮೆರಾ, ನಿಮ್ಮ ಕೈಗೆ ಹೆಚ್ಚು ಪರಿಚಯ."

"ನಿನ್ನ ಧೈರ್ಯ ಎಲ್ಲಾ ಬಾಯಾಗೇ ಐತೆ ನೋಡು" ಎಂದು ಭೀಮಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು.

ಭೀಮಕ್ಕನದು ಚನ್ನಗಿರಿಯಲ್ಲಿ ಶಾಮಿಯಾನದ ಅಂಗಡಿ. ಕುರ್ಚಿ, ಪಾತ್ರೆ, ಚಪ್ಪರದ ಬಟ್ಟೆ ಬಾಡಿಗೆಗೆ ಕೊಡುತ್ತಾಳೆ. ದೊಡ್ಡ ಆರ್ಡರ್ ಕೊಟ್ಟವರಿಗೆ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾನೂ ಜೊತೆಗೆ ಹೋಗುತ್ತದೆ, ಪುಕ್ಕಟೆ. ಯಾವ ಸಮಾರಂಭವಾದರೂ ಏನಾದರೊಂದು ಕಳೆಯುತ್ತದೆ, ಕಳೆದರೆ ಮೊದಲು ಶಾಮಿಯಾನದವರ ಮೇಲೆ ಅನುಮಾನ. ಹೀಗೆ ಹುಡುಕಿ ಹುಡುಕಿ ಅವಳು ಪತ್ತೇದಾರಳಾದಳು. ನಾನು ಅವಳ ಲಗೇಜ್ ಆಟೋ ಓಡಿಸುತ್ತೇನೆ, ಅವಳು ಬೈದಾಗ ಬೈಸಿಕೊಳ್ಳುತ್ತೇನೆ.

ಅವಳು ಗಂಟು ಬಿಚ್ಚಿದಳು. ಬಟ್ಟೆಯ ಒಳಗೆ ಪ್ಲಾಸ್ಟಿಕ್ ಕವರ್. ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್.

"ನೋಡಿದ್ಯಾ? ದೃಷ್ಟಿ ತೆಗ್ದು ಬಿಸಾಕೋರು ಯಾರಾದ್ರೂ ಇಬ್ಬನಿ ತಾಗಬಾರ್ದು ಅಂತ ಕವರ್ ಹಾಕ್ತಾರೇನು? ಇದು ಕಳ್ಳರ ಕೆಲಸ ಅಲ್ಲ ಓಬಣ್ಣ. ಯಾರೋ ಸಂಕಟದಾಗಿರೋರು."

ಅಷ್ಟು ದಿನ ರಸ್ತೆಯಲ್ಲೇ ಬಿದ್ದಿದ್ದರೂ ಯಾರೂ ಮುಟ್ಟಿರಲಿಲ್ಲ. ಬ್ಯಾಂಕಿನವರು ಬಾಗಿಲಿಗೆ ಬೀಗ ಹಾಕುವ ಬದಲು ಎರಡು ನಿಂಬೆ ಹೋಳು ಇಟ್ಟರೆ ಸಾಕು ಎಂದು ನನಗನ್ನಿಸಿತು.

ಗುಂಡಿ ಒತ್ತಿದಳು. ಗರ್ ಎಂದು ಲೆನ್ಸು ಹೊರಗೆ ಬಂತು. ಬ್ಯಾಟರಿ ಇನ್ನೂ ಜೀವ ಹಿಡಿದುಕೊಂಡಿತ್ತು. ಕೊನೆಯ ಮೂರು ಫೋಟೋಗಳನ್ನು ನಾವು ಮೊದಲು ನೋಡಿರಲಿಲ್ಲ.

ಆ ಮೂರರಲ್ಲಿ ಮೊದಲು ತೆಗೆದದ್ದರಲ್ಲಿ ಒಂದು ಕೂಸು. ತಲೆ ಬೋಳು, ಬೋಳಿಗೆ ಗಂಧ ಮೆತ್ತಿದ್ದಾರೆ. ಹಳದಿ ಅಂಗಿ. ಹಿಂದೆ ಎಲ್ಲಾ ಕಪ್ಪು, ಕಾಡಿಗೆಯ ಡಬ್ಬಿಯೊಳಗೆ ಕೂರಿಸಿ ತೆಗೆದ ಹಾಗೆ.

ಕೂಸು ನಗುತ್ತಿತ್ತು. ಅದರ ಬಲಗಣ್ಣು ಕೆಂಡದಂತೆ ಕೆಂಪಗೆ ಹೊಳೆಯುತ್ತಿತ್ತು. ಎಡಗಣ್ಣು ಬೆಳ್ಳಗಿತ್ತು, ತೊಳೆದು ಬೋರಲು ಹಾಕಿದ ಸ್ಟೀಲ್ ಬಟ್ಟಲಿನ ತಳದ ಹಾಗೆ.

"ಪಾಪ, ಒಂದು ಕಣ್ಣು ಕೆಂಪಾಗೈತೆ" ಎಂದೆ.

"ಕೆಂಪಾಗಿರೋ ಕಣ್ಣು ಸರಿ ಐತೆ ಮಾರಾಯ. ಕತ್ತಲಾಗೆ ಫ್ಲ್ಯಾಶ್ ಹೊಡೆದ್ರೆ ಕಣ್ಣಿನ ಹಿಂದಿರೋ ರಕ್ತ ಹೊಳಿತೈತೆ, ನಿಂಗೂ ನಂಗೂ ಕೆಂಪೇ ಬರೋದು." ಅವಳ ದನಿ ತಗ್ಗಿತು. "ಬಿಳೀದು ಯಾಕೆ ಬಂತು?"

ಆ ಪುಟ್ಟ ಪರದೆಯನ್ನೇ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದು ಗೌಸಿಯಾಗೆ ಕಳಿಸಿದಳು. ಗೌಸಿಯಾ ಚನ್ನಗಿರಿಯಲ್ಲಿ ಅವಳ ಪಕ್ಕದ ಮನೆ, ದಾವಣಗೆರೆಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನರ್ಸು. ಫೋನು ತಕ್ಷಣ ಬಂತು.

"ಭೀಮಕ್ಕ, ಈ ಮಗು ಎಲ್ಲೈತೆ?"

"ಗೊತ್ತಿಲ್ಲ ಕಣವ್ವ."

"ಗೊತ್ತು ಮಾಡ್ಕೋ. ನಿಂಗೆ ಗಾಬರಿ ಮಾಡಾಕೆ ಹೇಳ್ತಿಲ್ಲ, ಒಂದೊಂದ್ಸಲ ಬೆಳಕು ಓರೆ ಬಿದ್ರೂ ಹಿಂಗೆ ಕಾಣ್ತೈತೆ. ಆದ್ರೆ ಒಂದೊಂದ್ಸಲ ಒಳಗೆ ಗಡ್ಡೆ ಇರ್ತೈತೆ. ಸಣ್ಣ ಮಕ್ಕಳಿಗೇ ಬರೋ ಗಡ್ಡೆ. ಬೇಗ ದಾವಣಗೆರೆಗೆ ತಂದು ತೋರ್ಸಿದ್ರೆ ಮಗು ಉಳಿತೈತೆ, ಕಣ್ಣೂ ಉಳಿಸ್ಬೋದು."

"ತಡ ಆದ್ರೆ?"



"ತಡ ಮಾಡಬ್ಯಾಡಕ್ಕ."

ಭೀಮಕ್ಕ ಫೋನು ಇಟ್ಟಳು. ಕ್ಯಾಮೆರಾ ಸಿಕ್ಕಿತಲ್ಲ ಎಂಬ ನನ್ನ ಖುಷಿ ಅಲ್ಲೇ ಎಲೆಯ ಮೇಲೆ ಮೆಣಸಿನಕಾಯಿಯ ಜೊತೆ ಉಳಿಯಿತು. ಈಗ ಹುಡುಕಬೇಕಾಗಿದ್ದದ್ದು ಕೂಸನ್ನು.

"ಜವಳ ಮಾಡಿದ ಕೂಸು. ಆ ವಾರ ನಮ್ಮ ಸಾಮಾನು ಎಲ್ಲೆಲ್ಲಿ ಜವಳಕ್ಕೆ ಹೋಗಿತ್ತು?"

"ಹೊನ್ನಾಳಿ ಕೋಟೆ ಹತ್ರ ಒಂದು ಮನೆ, ನ್ಯಾಮತೀಲಿ ಹಾಲಮ್ಮಾರ ಮನೆ. ಕ್ಯಾಮೆರಾ ಎರಡೂ ಕಡೆ ಹೋಗಿತ್ತು, ಎಲ್ಲಿ ಕಳೀತೋ ಗೊತ್ತಿಲ್ಲ. ಇದು ಎರಡಕ್ಕೂ ನಡುವಿನ ದಾರಿ ಅಕ್ಕ. ಯಾರಾದ್ರೂ ತಂದಿಟ್ಟಿರ್ಬೋದು."

ಮುಂದಿನ ಫೋಟೋಗೆ ಒತ್ತಿದಳು. ಅದೇ ಕೂಸು, ಅದೇ ಕಪ್ಪು. ಆದರೆ ಪಕ್ಕದಿಂದ ಒಂದು ಹೆಂಗಸಿನ ಕೈ ಬಂದು ಕೂಸಿನ ಎಡಗಣ್ಣನ್ನು ಮುಚ್ಚಿತ್ತು. ಎಡಗಣ್ಣು ಒಂದನ್ನೇ. ಕೈ ತುಂಬಾ ಹಸಿರು ಬಳೆ, ಬಳೆಗಳ ಕೆಳಗೆ ಮಣಿಕಟ್ಟಿನಲ್ಲಿ ಅರ್ಧಚಂದ್ರದಂಥ ಹಳೆಯ ಸುಟ್ಟ ಕಲೆ.

ಭೀಮಕ್ಕ ಪರದೆಯ ಮೂಲೆಯಲ್ಲಿದ್ದ ಕಣ್ಣಿನ ಗುರುತು ತೋರಿಸಿದಳು.

"ಇದು ಕಣ್ಣು ಕೆಂಪಾಗದಂಗೆ ತೆಗೆಯೋ ಫ್ಲ್ಯಾಶ್. ಮೊದಲ್ನೇ ಫೋಟೋದಾಗೆ ಈ ಗುರುತು ಇರ್ಲಿಲ್ಲ. ಮೊದಲು ಒಂದ್ಸಲ ಸುಮ್ನೆ ಮಿಂಚ್ತೈತೆ, ಉಸಿರು ಬಿಡೋ ಅಷ್ಟು ಹೊತ್ತು ಬಿಟ್ಟು ಇನ್ನೊಂದ್ಸಲ ಮಿಂಚ್ತೈತೆ. ಫೋಟೋ ಬೀಳೋದು ಎರಡನೇದಕ್ಕೆ. ಮೊದಲ್ನೇ ಮಿಂಚು ಬಂದ ಕೂಡ್ಲೇ ಈ ಕೈ ಓಡಿ ಬಂದೈತೆ. ಕ್ಯಾಮೆರಾ ತಂದು ಇಲ್ಲಿಟ್ಟಿರೋದೂ ಈ ಕೈಯೇ ಇರ್ಬೇಕು."

ಮೂರನೆಯದು ಪೂರಾ ಅಲುಗಿತ್ತು. ಕೂಸು ಅರ್ಧ ಮಾತ್ರ ಬಿದ್ದಿತ್ತು. ಆದರೆ ಹಿಂದಿನ ಕಪ್ಪು ಹೋಗಿ ಚಪ್ಪರ, ಕಂಬ, ಆರತಿ ದೀಪ ಎಲ್ಲಾ ಮಬ್ಬಾಗಿ ಕಾಣುತ್ತಿದ್ದವು.

"ಒತ್ತಿದೋರ ಬೆರಳು ಮೇಲಿನ ಚಕ್ರಕ್ಕೆ ತಗುಲಿ ರಾತ್ರಿ ಫೋಟೋಗೆ ತಿರುಗೈತೆ. ಚಂದ್ರನ ಗುರುತು ಐತಲ್ಲ, ಅದು. ಅಲ್ಲಿಗೆ ತಿರುಗಿಸಿದ್ರೆ ಫ್ಲ್ಯಾಶ್ ಹೊಡೆದ ಮ್ಯಾಲೂ ಕ್ಯಾಮೆರಾ ಕಣ್ಣು ಮುಚ್ಚಾಕಿಲ್ಲ, ಹಿಂದಿಂದೂ ನಿಧಾನಕ್ಕೆ ಎಳ್ಕಂತೈತೆ. ಕೈ ನಡುಗಿದ್ರೆ ಹಿಂಗೆ ಅಲುಗ್ತೈತೆ." ಅವಳು ಒಮ್ಮೆಗೇ ಪರದೆಯನ್ನು ಮೂಗಿನ ಹತ್ತಿರ ತಂದಳು. "ಓಬಣ್ಣ, ಈ ಚಪ್ಪರದ ಬಟ್ಟೆ ನೋಡು."

ಕೆಂಪು ಪಟ್ಟೆಯ ನಡುವೆ ನೀಲಿ ತೇಪೆ. ಭೀಮಕ್ಕನ ಹಳೆಯ ನೈಟಿಯ ನೀಲಿ. ಆ ತೇಪೆ ಹಾಕಿದವಳೂ ಅವಳೇ.

"ಅದು ಹೋಗಿದ್ದು ಹಾಲಮ್ಮಾರ ಮನೆಗೆ" ಎಂದೆ.

"ಮತ್ತೆ ಯಾಕೆ ನಿಂತೀಯ? ಆಟೋ ತೆಗಿ."

ನನ್ನ ಆಟೋ ಹಳೆಯದು, ನಿಜ. ಆದರೆ ಅವತ್ತು ಅದು ಓಡಿದ ಓಟಕ್ಕೆ ನಮ್ಮ ನೆರಳು ಹಿಂದೆ ಉಳಿದುಬಿಟ್ಟಿತು. ನ್ಯಾಮತಿ ಬಸ್ ನಿಲ್ದಾಣದ ಹತ್ತಿರ ನಾವು ನಿಂತು ಕಾದ ಮೇಲೆ ಏದುಸಿರು ಬಿಡುತ್ತಾ ಬಂದು ಸೇರಿಕೊಂಡಿತು.

ಹಾಲಮ್ಮನ ಸೊಸೆ ಅಂಬಿಕಾ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮನ್ನು ಕಂಡು ನಕ್ಕಳು.

"ಏನ್ ಭೀಮಕ್ಕ, ಸೌಟು ಕಮ್ಮಿ ಬಂತಂತ ಹುಡ್ಕ್ಯಂಡು ಬಂದ್ರಾ? ಎಲ್ಲಾ ತೊಳ್ದು ಎಣಿಸಿ ಕಳಿಸೀನ್ರೀ. ನನ್ನ ಮಗಂದು, ನಾದಿನಿ ಮಗಳದು, ಎರಡು ಜವಳ ಒಂದೇ ದಿನ ಮಾಡಿ ನನ್ನ ಸೊಂಟ ಬಿದ್ದೋಗೈತೆ, ಇನ್ನು ಸೌಟು ಬ್ಯಾರೆ ಕದೀಲಾ?"

"ಸೌಟು ಹೋದ್ರೆ ಓಬಣ್ಣನ್ನ ಒತ್ತೆ ಇಟ್ಟು ಹೊಸಾದು ತರ್ತೀನಿ ಬಿಡು" ಎಂದ ಭೀಮಕ್ಕನ ಕಣ್ಣು ಅಂಬಿಕಾಳ ಮಣಿಕಟ್ಟಿನ ಮೇಲಿತ್ತು. ಹಸಿರು ಬಳೆ ಇದ್ದವು. ಕಲೆ ಇರಲಿಲ್ಲ. "ಮಗ ಎಲ್ಲಿ? ಕಾಣ್ತಿಲ್ಲ."

ಅಂಬಿಕಾಳ ನಗು ಮಾಯವಾಯಿತು. ಒಳಗೆ ಕೇಳಿಸದ ಹಾಗೆ ಹೇಳಿದಳು.

"ಅತ್ತೆಗೆ ಏನೋ ಆಗೈತ್ರಿ. ಜವಳ ಆದಾಗಿಂದ ಮಗೀನ ನಡುಮನೆ ಬಿಟ್ಟು ಹೊರಗೆ ತರಾಕೆ ಬಿಡ್ತಿಲ್ಲ. ಕಿಟಕಿಗೆ ಕೌದಿ ಕಟ್ಯಾರೆ. ಟಿವಿ ಹಾಕಾಂಗಿಲ್ಲ, ಮೊಬೈಲ್ ಟಾರ್ಚು ಹಚ್ಚಾಂಗಿಲ್ಲ. ಏನಾತು ಅಂದ್ರೆ ಬಾಯಿ ಬಿಡಂಗಿಲ್ಲ. ಸರಿಯಾಗಿ ಉಂಡೂ ಇಲ್ಲ."

ಭೀಮಕ್ಕ ನನ್ನ ಕಡೆ ನೋಡಿದಳು. ಮನೆ ಸಿಕ್ಕಿತ್ತು.

ನಡುಮನೆ ಹಗಲಲ್ಲೂ ಕತ್ತಲು. ಹಾಲಮ್ಮ ಗೋಡೆಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಮೊಮ್ಮಗ ರುದ್ರ, ಬೋಳು ತಲೆ, ಹಳದಿ ಅಂಗಿ, ಕೈಯಲ್ಲೊಂದು ಸ್ಟೀಲ್ ಲೋಟ. ಎರಡು ಕಣ್ಣಿಗೂ ಕೆನ್ನೆಯವರೆಗೆ ಇಳಿಯುವಷ್ಟು ಕಾಡಿಗೆ ಹಚ್ಚಿದ್ದರು. ಆ ಕೂಸು ನನ್ನ ನೋಡಿ ಲೋಟವನ್ನು ನೆಲಕ್ಕೆ ಬಡಿದು ಸ್ವಾಗತ ಕೊಟ್ಟಿತು.

ಭೀಮಕ್ಕ ಅವರ ಎದುರು ಕೂತು, ಹಳದಿ ಗಂಟನ್ನು ನೆಲದ ಮೇಲಿಟ್ಟಳು.

ಗಂಟಿನ ಬಟ್ಟೆ, ರುದ್ರನ ಅಂಗಿಯ ಬಟ್ಟೆ ಒಂದೇ. ಅದೇ ಹಳದಿ, ಅದೇ ಸಣ್ಣ ಬಿಳಿ ಹೂವು.

ಹಾಲಮ್ಮ ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ಅವನ ಮುಖವನ್ನು ಸೆರಗಿನಲ್ಲಿ ಮುಚ್ಚಿದರು.

"ಅದನ್ನ ಯಾಕೆ ತಂದೆ ತಂಗೀ. ಮಗೀಗೆ ಮತ್ತೆ ತಗುಲ್ತೈತೆ. ತಗಂಡು ಹೋಗು."

"ಏನು ತಗುಲ್ತೈತೆ ಅವ್ವ?"

"ಅದರ ಮಿಂಚು."

"ಅದನ್ನ ಮೂರು ದಾರಿಗೆ ಇಟ್ಟೋರು ನೀವೇನಾ?"

ಹಾಲಮ್ಮ ಹೌದೆಂದು ತಲೆಯಾಡಿಸಿದರು. ಬಾಗಿಲಲ್ಲಿ ಅಂಬಿಕಾ ನಿಂತಿದ್ದಳು, ಕೈಯಲ್ಲಿ ಇನ್ನೂ ಒಂದು ಅವರೆಕಾಯಿ. ಅತ್ತೆ ಸೊಸೆಯ ಕಡೆ ನೋಡಲಿಲ್ಲ. ನೆಲಕ್ಕೆ ಹೇಳಿದರು.

"ಅವತ್ತು ಸಂಜೆ ಆರತಿ ಮಾಡೋ ಹೊತ್ತಿಗೆ ಕರೆಂಟು ಹೋತು. ಚಪ್ಪರದಾಗೆ ಹೆಂಗಸ್ರು ಗಿಜಿಗಿಜಿ. ಚಾಪೆ ಮ್ಯಾಲೆ ಮಗ ಕುಂತು ನಗ್ತಿತ್ತು. ಈ ಓಬಣ್ಣ ಸಾಮಾನು ಇಳಿಸೋ ದಿನ ಹೇಳಿಕೊಟ್ಟಿದ್ದ, ಅವ್ವಾರೆ, ಈ ಗುಂಡಿ ಒತ್ತಿದ್ರೆ ಸಾಕು ಅಂತ. ನಾನೂ ಒಂದು ಫೋಟೋ ತೆಗ್ಯಾನ ಅಂತ ಆಸೆ ಆತು. ಈ ವಯಸ್ಸಿಗೆ ಏನು ಆಸೆಯೋ. ಒತ್ತಿದೆ. ಮತ್ತೆ ಒತ್ತಿದೆ. ಯಾವ್ಯಾವ ಗುಂಡಿಗೆ ಬೆರಳು ಹೋತೋ, ಮತ್ತೂ ಒಂದ್ಸಲ ಒತ್ತಿದೆ."

"ಆಮೇಲೆ?"

"ಎಲ್ರೂ ಉಂಡೆದ್ದ ಮ್ಯಾಲೆ ಒಬ್ಬಳೇ ಕುಂತು ನೋಡಿದೆ. ಕನ್ನಡಕ ಇರ್ಲಿಲ್ಲ, ಎಲ್ಲಾ ಮಸುಕು. ಹಿಂದಕ್ಕೆ ಒತ್ತಿಕೋತ ಹೋದೆ. ಆ ಕಣ್ಣು ಒಂದು ಕಾಣ್ತು. ಕನ್ನಡಕ ಇಲ್ದಿದ್ರೂ ಕಾಣ್ತು. ಬೆಳ್ಳಗೆ." ಹಾಲಮ್ಮ ಮೊಮ್ಮಗನ ಬೋಳು ತಲೆ ಸವರಿದರು. "ಆ ಮಿಂಚು ನನ್ನ ಮಗೀನ ಕಣ್ಣಾಗಿನ ಬೆಳಕು ಕಿತ್ಕಂಡು ಹೋತು. ಒತ್ತಿದ್ದು ನಾನು. ನನ್ನ ಕೈಯಾರೆ ನಾನೇ..."

ಅಂಬಿಕಾಳ ಕೈಯಿಂದ ಅವರೆಕಾಯಿ ಬಿತ್ತು. ಅವಳು ಓಡಿ ಬಂದು ಮಗನ ಮುಖ ಹಿಡಿದು ನೋಡಿದಳು. ಕಾಡಿಗೆಯ ನಡುವೆ ಅವನು ಅವ್ವನಿಗೂ ಲೋಟ ತೋರಿಸಿದ.

"ಅದಕ್ಕೇ ಹೇಳಲಿಲ್ಲೇನು ಅತ್ತೆ? ಇಷ್ಟು ದಿನ ಒಬ್ರೇ ಹೊಟ್ಟೇಲಿ ಇಟ್ಕಂಡಿದ್ರಾ?"

"ಹೆಂಗೆ ಹೇಳ್ಲವ್ವ ನಿಂಗೆ. ನಿನ್ನ ಮಗ."

ಭೀಮಕ್ಕ ಹಾಲಮ್ಮನ ಎರಡೂ ಕೈ ಹಿಡಿದುಕೊಂಡಳು. ಅವಳ ಗದರುವ ದನಿ ಎಲ್ಲಿ ಹೋಯಿತೋ, ಬೇರೆಯೇ ದನಿ ಬಂತು.

"ಅವ್ವ, ಇಲ್ಲಿ ಕೇಳ್ರಿ. ಕತ್ತಲ ಕೋಣೆಗೆ ದೀಪ ತಗಂಡು ಹೋದ್ರೆ ಮೂಲೇಲಿರೋ ಚೇಳು ಕಾಣ್ತೈತೆ. ಚೇಳು ತಂದಿಟ್ಟಿದ್ದು ದೀಪ ಅಲ್ಲ. ಫ್ಲ್ಯಾಶ್ ಕಣ್ಣು ತೆಗ್ಯಾಕಿಲ್ಲ. ಕಣ್ಣಾಗೆ ಏನೋ ಐತೆ ಅಂತ ತೋರ್ಸೈತೆ. ಬೇಗ ಆಸ್ಪತ್ರೆಗೆ ಹೋದ್ರೆ ವಾಸಿ ಮಾಡ್ತಾರೆ. ನೀವು ಆ ಗುಂಡಿ ಒತ್ತದೇ ಇದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಮಗೀನ ಕಣ್ಣು ತೆಗ್ದೋರಲ್ಲ ನೀವು. ಕಾಯ್ದೋರು."

ಹಾಲಮ್ಮ ಅವಳನ್ನೇ ನೋಡಿದರು. ನಂಬಬೇಕೆಂಬ ಆಸೆ, ನಂಬಲು ಹೆದರಿಕೆ. ಆಮೇಲೆ ಇಷ್ಟು ದಿನ ಹಿಡಿದಿಟ್ಟಿದ್ದ ಅಳು ಒಮ್ಮೆಗೇ ಬಂತು, ಸದ್ದಿಲ್ಲದ ಅಳು. ಅಂಬಿಕಾ ಅತ್ತೆಯ ಬೆನ್ನಿಗೆ ಕೈ ಹಾಕಿ ಕೂತಳು.

ನಾನು ಕಣ್ಣೊರೆಸಿಕೊಂಡದ್ದು ಮೆಣಸಿನಕಾಯಿ ಘಾಟಿಗೆ. ಆ ಮನೆಯಲ್ಲಿ ಅವತ್ತು ಮೆಣಸಿನಕಾಯಿಯನ್ನೇ ಹುರಿದಿರಲಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ.

"ಮೊದ್ಲು ಈ ಹೆದರಿಕೆ ಬಿಡ್ಸಾನ" ಎಂದ ಭೀಮಕ್ಕ ಕ್ಯಾಮೆರಾ ತೆಗೆದು ಹಾಲಮ್ಮನ ಕೈಗಿಟ್ಟಳು. "ಇಗಳ್ರಿ, ನೀವೇ ಹೊಡೀರಿ. ಮೊದಲು ಓಬಣ್ಣಂಗೆ. ಇವನ ಕಣ್ಣು ಹೋದ್ರೂ ನಷ್ಟ ಇಲ್ಲ, ರಸ್ತೆ ನೋಡಿ ಆಟೋ ಓಡ್ಸೋನಲ್ಲ."

ನಾನು ಕೂದಲು ತೀಡಿಕೊಂಡು ಎದೆ ಉಬ್ಬಿಸಿ ನಿಂತೆ. ಈ ಕ್ಯಾಮೆರಾದ ಫ್ಲ್ಯಾಶ್ ಸಾಮಾನ್ಯದ್ದಲ್ಲ. ತ್ಯಾವಣಿಗೆಯ ಮದುವೆಯೊಂದರಲ್ಲಿ ಇದನ್ನು ಹೊಡೆದಾಗ ಪಕ್ಕದ ಓಣಿಯ ಕೋಳಿಗಳೆಲ್ಲ ಬೆಳಗಾಯಿತೆಂದು ಕೂಗಿ, ಊರಿನ ಅರ್ಧ ಜನ ಎದ್ದು ಹಲ್ಲುಜ್ಜಿದ್ದರು.

ಹಾಲಮ್ಮ ಒತ್ತಿದರು.

ಮಿಂಚಿತು. ಮುಗಿಯಿತಲ್ಲ ಎಂದು ನಾನು ಮೂಗು ಕೆರೆದುಕೊಂಡೆ. ಮತ್ತೆ ಮಿಂಚಿತು.

ಪರದೆಯಲ್ಲಿ ನಾನು ಬೆರಳನ್ನು ಮೂಗಿಗೆ ಇಟ್ಟುಕೊಂಡು, ಬಾಯಿ ತೆರೆದು ನಿಂತಿದ್ದೆ. ಅಂಬಿಕಾ ಮೊದಲು ನಕ್ಕಳು. ಹಾಲಮ್ಮ ಕಣ್ಣೀರಿನ ನಡುವೆಯೇ ನಕ್ಕರು. ರುದ್ರ ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕ.

"ಎರಡು ಸಲ ಮಿಂಚ್ತೈತೆ ಅಂತ ನಾನು ಬೆಳಿಗ್ಗೇನೇ ಹೇಳಿದ್ದೆ ನಿಂಗೆ" ಎಂದು ನಗುತ್ತಿದ್ದ ಭೀಮಕ್ಕ ನಗುವನ್ನು ನಡುವೆಯೇ ನಿಲ್ಲಿಸಿದಳು.

ಅವಳ ಕಣ್ಣು ಹಾಲಮ್ಮನ ಕೈಗಳ ಮೇಲಿತ್ತು. ಕ್ಯಾಮೆರಾ ಹಿಡಿದಿದ್ದ ಎರಡು ಕೈಗಳು. ಸವೆದ ಎರಡು ಬಳೆ. ಕಲೆ ಇಲ್ಲ.

"ಮಗೂದು ಒಂದು ಹೊಡೀತೀನಿ" ಎಂದಳು, ಮೆಲ್ಲಗೆ. "ಆಸ್ಪತ್ರೇಲಿ ತೋರ್ಸಾಕೆ ಬೇಕಾಗ್ತೈತೆ."

ಹಾಲಮ್ಮ ಸೊಸೆಯ ಮುಖ ನೋಡಿದರು. ಅಂಬಿಕಾ ತಲೆಯಾಡಿಸಿ, ಸೆರಗಿನಿಂದ ಮಗನ ಕಾಡಿಗೆ ಒರೆಸಿದಳು. ಭೀಮಕ್ಕ ಫ್ಲ್ಯಾಶಿನ ಗುಂಡಿಯನ್ನು ಒತ್ತುತ್ತಾ ಹೋಗಿ, ಕಣ್ಣಿನ ಗುರುತು ಹೋಗಿ ಬರೀ ಮಿಂಚಿನ ಗುರುತು ಬಂದಾಗ ನಿಲ್ಲಿಸಿದಳು. ಈಗ ಒಂದೇ ಮಿಂಚು. ನಾನು ಲೋಟ ಬಡಿದೆ. ರುದ್ರ ನನ್ನತ್ತ ತಿರುಗಿದ.

ಮಿಂಚಿತು.

ನಾಲ್ವರ ತಲೆಗಳೂ ಆ ಪುಟ್ಟ ಪರದೆಯ ಮೇಲೆ ಬಾಗಿದವು.

ಕೆಂಪು. ಎರಡೂ ಕಣ್ಣು ಕೆಂಪು. ಹೊಸ ಮೆಣಸಿನಕಾಯಿಯ ಹಾಗೆ ಅಚ್ಚ ಕೆಂಪು.

"ಹೋಗೈತೆ" ಎಂದರು ಹಾಲಮ್ಮ. "ದೃಷ್ಟಿ ಇಳಿದೈತೆ. ನನ್ನವ್ವ, ಇಳಿದೈತೆ." ಮೊಮ್ಮಗನ ಬೋಳು ತಲೆಗೆ, ಕೆನ್ನೆಗೆ, ಎರಡು ಕಣ್ಣಿಗೆ ಮುತ್ತಿಟ್ಟರು. ಅಂಬಿಕಾ ಎದ್ದು ಕಿಟಕಿಯ ಕೌದಿ ಎಳೆದಳು. ಅಷ್ಟು ದಿನ ಹೊರಗೆ ಕಾದಿದ್ದ ಬಿಸಿಲು ಒಳಗೆ ಬಂದು ಎಲ್ಲರ ಮಡಿಲಲ್ಲೂ ಕೂತಿತು.

ಭೀಮಕ್ಕ ಮಾತ್ರ ಬಿಳಿ ಕಣ್ಣಿನ ಹಳೆಯ ಫೋಟೋಗೆ ಹೋದಳು, ಜೂಮ್ ಗುಂಡಿ ಒತ್ತಿ ದೊಡ್ಡದು ಮಾಡಿದಳು. ಕಣ್ಣು ದಾಟಿ, ಕೆನ್ನೆ ದಾಟಿ, ಕಿವಿಗೆ ಬಂದಳು. ಗಂಧ ಮೆತ್ತಿದ ಕಿವಿಯ ತುದಿಯಲ್ಲಿ ಸಾಸಿವೆಯಷ್ಟು ಹೊಳಪು. ಚಿನ್ನದ ಪುಟ್ಟ ಓಲೆ.

ಆಮೇಲೆ ರುದ್ರನ ಕಿವಿ ಹಿಡಿದು ನೋಡಿದಳು.

"ಅಂಬಿಕಾ, ಇವಂಗೆ ಇನ್ನೂ ಕಿವಿ ಚುಚ್ಚಿಲ್ಲ."

"ಇಲ್ರಿ. ಮುಂದಿನ ವರ್ಷ ಚುಚ್ಚಾನ ಅಂತ..." ಅಂಬಿಕಾ ಅರ್ಧಕ್ಕೆ ನಿಲ್ಲಿಸಿದಳು.

ನನಗೂ ಆಗ ಹೊಳೆಯಿತು. ಜವಳವಾದ ಸಂಜೆ. ಎರಡು ಕೂಸು. ಎರಡು ಬೋಳು ತಲೆ, ಎರಡಕ್ಕೂ ಗಂಧ, ಒಂದೇ ಬಟ್ಟೆಯಲ್ಲಿ ಹೊಲಿಸಿದ ಎರಡು ಹಳದಿ ಅಂಗಿ. ಕರೆಂಟಿಲ್ಲ. ಅಜ್ಜಿಯ ಮೂಗಿನ ಮೇಲೆ ಕನ್ನಡಕವಿಲ್ಲ.

"ಅವ್ವ, ನೀವು ಫೋಟೋ ತೆಗೆದಿದ್ದು ಇವಂದಲ್ಲ" ಎಂದಳು ಭೀಮಕ್ಕ.

ಹಾಲಮ್ಮನ ಮುಖದಲ್ಲಿ ಈಗಷ್ಟೇ ಬಂದಿದ್ದ ಬೆಳಕು ನಿಂತಲ್ಲೇ ನಿಂತಿತು.

"ಆ ಫೋಟೋನ ಅವತ್ತು ಯಾರಿಗಾದ್ರೂ ತೋರ್ಸಿದ್ರಾ?"

"ಇಲ್ಲ. ಯಾರಿಗೂ ಇಲ್ಲ."

"ಹಂಗಾದ್ರೆ ಇನ್ನೊಂದು ಮಾತು. ನಾನು ಬೆಳಿಗ್ಗೆಯಿಂದ ತಪ್ಪು ತಿಳ್ಕಂಡಿದ್ದೆ. ಕ್ಯಾಮೆರಾ ಹಿಡಿದಿದ್ದ ಕೈ ನಿಮ್ಮದು, ಕಣ್ಣು ಮುಚ್ಚಿದ ಕೈ ಬ್ಯಾರೇದು. ನೀವು ಆ ಬಿಳಿ ಕಣ್ಣು ನೋಡಿದ್ದು ಎಲ್ರೂ ಉಂಡ ಮ್ಯಾಲೆ. ಆದ್ರೆ ಆ ಕೈ ಮೊದಲ್ನೇ ಮಿಂಚಿಗೇ ಬಂದು ಆ ಕಣ್ಣೊಂದನ್ನೇ ಮುಚ್ಚೈತೆ. ಅಂದ್ರೆ ಆ ಕೈಯೋರಿಗೆ ಮೊದ್ಲೇ ಗೊತ್ತಿತ್ತು. ಅಂಬಿಕಾ, ಅತ್ತೆ ಕನ್ನಡಕ ತಾ."

ಕನ್ನಡಕ ಬಂತು. ಹಾಲಮ್ಮ ಹಾಕಿಕೊಂಡರು. ಭೀಮಕ್ಕ ಎರಡನೆಯ ಫೋಟೋ ದೊಡ್ಡದು ಮಾಡಿ ಮುಂದೆ ಹಿಡಿದಳು. ಹಸಿರು ಬಳೆ. ಅರ್ಧಚಂದ್ರದ ಕಲೆ.

ಹಾಲಮ್ಮ ಬಹಳ ಹೊತ್ತು ನೋಡಿದರು. ಬೆರಳಿನಿಂದ ಆ ಕಲೆಯನ್ನು ಸವರಿದರು, ಗಾಜಿನ ಮೇಲಲ್ಲ, ಚರ್ಮದ ಮೇಲೇ ಸವರುವ ಹಾಗೆ.

"ಸಣ್ಣಾಕಿದ್ದಾಗ ರೊಟ್ಟಿ ಹಂಚು ತಗುಲಿತ್ತು" ಎಂದರು. "ರಾತ್ರಿಯೆಲ್ಲಾ ತೊಡೆ ಮ್ಯಾಲೆ ಹಾಕ್ಕಂಡು ಊದಿದ್ದೆ."

"ಯಾರಿಗೆ ಅವ್ವ?"

"ನನ್ನ ಮಗಳು ಮಾಲಾಗೆ. ಜಗಳೂರಿಗೆ ಕೊಟ್ಟೀವಲ್ಲ, ಅವಳು. ಇದು ಅವಳ ಧನುಶ್ರೀ."

ರುದ್ರನನ್ನು ಅಪ್ಪಿದ್ದ ಹಾಲಮ್ಮನ ಕೈ ಸಡಿಲಾಯಿತು. ಒಬ್ಬ ಮೊಮ್ಮಗನ ಕಣ್ಣು ಉಳಿದ ಖುಷಿಯನ್ನು ಇನ್ನೊಬ್ಬ ಮೊಮ್ಮಗಳ ಮುಂದೆ ಎಲ್ಲಿಡಬೇಕು ಎಂದು ಅವರಿಗೆ ತಿಳಿಯಲಿಲ್ಲ.

"ಜವಳದ ಮಾರನೇ ದಿನ ಬೆಳಿಗ್ಗೇನೇ ಹೊರಟ್ಲು" ಎಂದಳು ಅಂಬಿಕಾ. "ಇರು ಅಂದ್ರೂ ಕೇಳ್ಲಿಲ್ಲ. ಮನೇಲಿ ಕೆಲಸ ಐತೆ ಅಂದ್ಲು."

"ಫೋನ್ ಹಚ್ಚು."

ಮಾಲಾಳ ಫೋನು ಬಂದ್ ಆಗಿತ್ತು. ಅಂಬಿಕಾ ಮಾಲಾಳ ಗಂಡ ಪ್ರವೀಣ್ ಕುಮಾರನಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ಅವನು ಜಗಳೂರಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹಿಂದೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು.

"ಏನಕ್ಕ, ಎಲ್ಲಾ ಆರಾಮಾ?" ಅವನ ದನಿಯಲ್ಲಿ ನಗು. "ಧನುಗೆ ಕೂದಲು ಚಿಗುರ್ತಾ? ಅವ್ವ ಮಗಳು ಇಬ್ರೂ ತವರುಮನೆ ಊಟ ಬಿಟ್ಟು ಬರಂಗೇ ಕಾಣಲ್ಲ. ನಾನು ಇಲ್ಲಿ ಹೋಟೆಲ್ ಇಡ್ಲಿ ತಿಂದು ತಿಂದು ಸಾಕಾಗೀನಿ. ಮಾಲಾಗೆ ಕೊಡ್ರಿ ಸ್ವಲ್ಪ ಫೋನು."

ಅಂಬಿಕಾ ಫೋನನ್ನೇ ನೋಡಿದಳು. ಆಮೇಲೆ ಭೀಮಕ್ಕನನ್ನು ನೋಡಿದಳು.

"ಹಲೋ? ಅಕ್ಕ? ಮಾಲಾ ಅಲ್ಲೇ ಅದಾಳಲ್ಲ?"

ಮೊದಲು ಎದ್ದವರು ಹಾಲಮ್ಮ. ಮೊಮ್ಮಗನನ್ನು ಸೊಸೆಯ ಮಡಿಲಿಗೆ ಹಾಕಿದರು. ನೆಲದ ಮೇಲಿದ್ದ ಹಳದಿ ಬಟ್ಟೆಯನ್ನು ಕೊಡವಿ, ಕ್ಯಾಮೆರಾವನ್ನು ಅದರಲ್ಲಿ ಮತ್ತೆ ಸುತ್ತಿದರು, ಕೂಸಿಗೆ ಬೆಚ್ಚಗೆ ಹೊದಿಸುವ ಹಾಗೆ. ಎದೆಗೆ ಒತ್ತಿಕೊಂಡು ಬಾಗಿಲು ದಾಟಿದರು.

"ಓಬಣ್ಣ" ಎಂದರು, ಆಟೋದ ಕಂಬಿ ಹಿಡಿದು. "ಹತ್ತಾಕೆ ಒಂದು ಕೈ ಕೊಡಪ್ಪ. ಮಾಲಾ, ಧನು ಎಲ್ಲಿದ್ರೂ ಹುಡುಕ್ಬೇಕು."